ಆರು ವರ್ಷ ಫ್ಯಾಂಟಸಿ ಆಡಿದ ಬಳಗ ಹಾರರ್‌ನತ್ತ ಹೊರಳಿದಾಗ

ಪ್ರಶ್ನೆ: ನಾವು ಐವರು ಗೆಳೆಯರು ಬೆಂಗಳೂರಿನಲ್ಲಿ ಆರು ವರ್ಷಗಳಿಂದ ಶನಿವಾರ ಸಂಜೆ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (‘ಡಿ ಅಂಡ್ ಡಿ’) ಆಡುತ್ತಿದ್ದೇವೆ. ಆಟ ನಡೆಸುವ ಡಿಎಂ ನಾನೇ. ಈಗ ಇಬ್ಬರು ಹಾರರ್ ಆಡೋಣ ಎನ್ನುತ್ತಿದ್ದಾರೆ, ಒಬ್ಬಾಕೆಗೆ ಬಾಹ್ಯಾಕಾಶದ ಕಥೆ ಬೇಕು, ಇನ್ನೊಬ್ಬನಿಗೆ ಏನೂ ಬದಲಾಗಬಾರದು. ನನಗೂ ಮೊದಲಿನ ಹುಮ್ಮಸ್ಸಿಲ್ಲ. ಒಂದು ಕಾಲದಲ್ಲಿ ನಿದ್ದೆಗೆಟ್ಟು ಓದುತ್ತಿದ್ದ ಫ್ಯಾಂಟಸಿ ಕಾದಂಬರಿಗಳು ಕಪಾಟಿನಲ್ಲಿ ದೂಳು ಹಿಡಿದಿವೆ. ಇದು ಹವ್ಯಾಸವೇ ಕೈಬಿಟ್ಟು ಹೋಗುತ್ತಿರುವ ಲಕ್ಷಣವೇ? ಈಗ ಗೊತ್ತಿರುವ ಐದನೇ ಆವೃತ್ತಿಯ ನಿಯಮಗಳಲ್ಲೇ ಹಾರರ್ ಆಡಿಸಬಹುದೇ? ಅರ್ಧದಲ್ಲಿರುವ ಕ್ಯಾಂಪೇನನ್ನು, ಅಂದರೆ ವಾರದಿಂದ ವಾರಕ್ಕೆ ಮುಂದುವರಿಯುವ ಕಥೆಯನ್ನು, ಏನು ಮಾಡಲಿ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸುಲಭ: ಹವ್ಯಾಸ ಕೈಬಿಟ್ಟು ಹೋಗುತ್ತಿದ್ದರೆ ಐವರಲ್ಲಿ ಮೂವರು ಹೊಸ ಆಟದ ಹೆಸರೆತ್ತುತ್ತಿರಲಿಲ್ಲ, ಶನಿವಾರ ಬೇರೆ ಕೆಲಸವಿದೆ ಎನ್ನುತ್ತಿದ್ದರು. ಉಳಿದೆರಡಕ್ಕೆ ಒಂದು ಸಾಲಿನಲ್ಲಿ ಉತ್ತರ ಹೇಳಿದರೆ ನಿಮಗೆ ಉಪಯೋಗವಾಗದು. ನೀವು ‘ಹಾರರ್ ಬೇಕು’, ‘ಬಾಹ್ಯಾಕಾಶ ಬೇಕು’ ಎಂಬ ಮಾತುಗಳನ್ನು ಹಿನ್ನೆಲೆಯ ಬದಲಾವಣೆಯೆಂದು, ಅಂದರೆ ಕೋಟೆಯ ಜಾಗದಲ್ಲಿ ಪಾಳು ಬಂಗಲೆ, ಕುದುರೆಯ ಜಾಗದಲ್ಲಿ ರಾಕೆಟ್ ಎಂದು ಅರ್ಥ ಮಾಡಿಕೊಂಡಿರುವಂತೆ ಕಾಣುತ್ತದೆ. ಈ ಆಟಗಳಲ್ಲಿ ಪ್ರಕಾರ ಬದಲಾದಾಗ ಮುಖ್ಯವಾಗಿ ಬದಲಾಗುವುದು ಮೇಜಿನ ಸುತ್ತ ಕುಳಿತವರು ಪ್ರತಿ ಹತ್ತು ನಿಮಿಷಕ್ಕೊಮ್ಮೆ ತೆಗೆದುಕೊಳ್ಳುವ ನಿರ್ಧಾರದ ಸ್ವರೂಪ. ನಿಮ್ಮ ಗೆಳೆಯರಿಗೆ ಬೇಸರ ತಂದಿರುವುದು ಡ್ರ್ಯಾಗನ್ನೋ, ಆ ನಿರ್ಧಾರವೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಈ ಆಟದ ಪರಿಚಯವಿಲ್ಲದೆ ಇದನ್ನು ಓದುತ್ತಿರುವವರಿಗಾಗಿ ಒಂದು ಮಾತು. ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ಮಾತನಾಡುವ ಕಲೆಯನ್ನು ತಾಳಮದ್ದಳೆಯಲ್ಲಿ ಕಂಡ ಕರಾವಳಿ ಮಲೆನಾಡಿನವರಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂದರೇನೆಂದು ಹೆಚ್ಚು ವಿವರಿಸಬೇಕಾಗಿಲ್ಲ. ಅರ್ಥಧಾರಿಗೆ ಪ್ರಸಂಗದ ಮುಕ್ತಾಯ ಮೊದಲೇ ಗೊತ್ತಿರುತ್ತದೆ, ಇಲ್ಲಿ ಅದನ್ನು ದಾಳ ನಿರ್ಧರಿಸುತ್ತದೆ. ಭಾಗವತರ ಜಾಗದಲ್ಲಿ ಡಿಎಂ ಅಥವಾ ಜಿಎಂ ಎನಿಸಿಕೊಂಡವರು ಕುಳಿತು ಲೋಕವನ್ನೂ ಎದುರಾಳಿಗಳನ್ನೂ ನಡೆಸುತ್ತಾರೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಆದರೆ ಮಾತೇ ಆಟದ ಮೂಲದ್ರವ್ಯ ಎಂಬುದು ಎರಡಕ್ಕೂ ಸಮಾನ.

ಪ್ರಕಾರಗಳ ನಡುವಿನ ಬೇಲಿ ಈ ಹವ್ಯಾಸ ಹುಟ್ಟಿದಾಗ ಇರಲೇ ಇಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ಸಾವಿರ ಪ್ರತಿಗಳ ಮೊದಲ ಮುದ್ರಣವಾಗಿ ಹೊರಬಂತು. ತಾನು ಯಾವ ಲೇಖಕರಿಂದ ಪ್ರಭಾವಿತನಾದೆ ಎಂದು ಗೈಗ್ಯಾಕ್ಸ್ 1979ರ ಡಿಎಂ ಕೈಪಿಡಿಯ ಅನುಬಂಧದಲ್ಲಿ ಕೊಟ್ಟ ಪಟ್ಟಿಯಲ್ಲಿ ಖಡ್ಗ ಮಾಂತ್ರಿಕತೆಯ ಕಥೆಗಾರರ ಜೊತೆಗೆ ವೈಜ್ಞಾನಿಕ ಕಥೆ ಬರೆದವರೂ ಭಯಾನಕ ಕಥೆಗಳ ಲವ್‌ಕ್ರಾಫ್ಟ್ ಕೂಡ ಇದ್ದಾರೆ. 1980ರಲ್ಲಿ ಇದೇ ಆಟಕ್ಕೆ ಪ್ರಕಟವಾದ ಒಂದು ಸಾಹಸಕಥೆಯಲ್ಲಿ ಬೆಟ್ಟದ ನಡುವಿನ ಗುಹೆಯೆಂದು ಪಾತ್ರಗಳು ನುಗ್ಗುವುದು ಕೆಳಗೆ ಬಿದ್ದ ಅಂತರಿಕ್ಷ ನೌಕೆಯೊಳಕ್ಕೆ. ಮೊದಲ ಆಟ ಬಂದ ಮೂರೇ ವರ್ಷಗಳಲ್ಲಿ ಬೇರೆ ಪ್ರಕಾರಗಳೂ ಬಂದವು: 1975ರಲ್ಲಿ ಕೌಬಾಯ್ ಕಥೆಗಳ ‘ಬೂಟ್ ಹಿಲ್’, 1976ರಲ್ಲಿ ದಾರಿ ತಪ್ಪಿದ ಮಹಾನೌಕೆಯೊಂದರೊಳಗೆ ನಡೆಯುವ ‘ಮೆಟಮಾರ್ಫಾಸಿಸ್ ಆಲ್ಫಾ’, 1977ರಲ್ಲಿ ಬಾಹ್ಯಾಕಾಶ ಪಯಣದ ‘ಟ್ರಾವೆಲರ್’. ಹಾಗಾಗಿ ‘ಇಷ್ಟು ದಿನ ಆಡಿದ್ದು ಸಾಕು, ಬೇರೇನಾದರೂ’ ಎಂಬ ನಿಮ್ಮ ಬಳಗದ ಮಾತು ಈ ಹವ್ಯಾಸದಷ್ಟೇ ಹಳೆಯದು.

ಇಷ್ಟಾದರೂ ಐವತ್ತು ವರ್ಷಗಳ ಕಾಲ ಫ್ಯಾಂಟಸಿಯೇ ನಡುಮನೆಯಾಗಿ ಉಳಿದು ಉಳಿದವೆಲ್ಲ ಜಗಲಿಯಲ್ಲಿ ಕುಳಿತದ್ದೇಕೆ? ಜನರಿಗೆ ಎಲ್ಫುಗಳ ಮೇಲಿನ ಪ್ರೀತಿ ಇದಕ್ಕೆ ಕಾರಣವೆಂದು ನಾನು ನಂಬುವುದಿಲ್ಲ. ಆಟದ ಹೆಸರಿನಲ್ಲೇ ಇರುವ ಡಂಜನ್, ಅಂದರೆ ನೆಲಮಾಳಿಗೆ, ಹೊಸಬನಿಗೆ ಬಹಳ ಕರುಣೆಯುಳ್ಳ ಜಾಗ. ಎಡಕ್ಕೆ ಬಾಗಿಲು, ಬಲಕ್ಕೆ ಮೆಟ್ಟಿಲು, ಎದುರಿಗೆ ಪೆಟ್ಟಿಗೆ ಎಂದು ಹೇಳಿದರೆ ಮೊದಲ ದಿನ ಬಂದವನಿಗೂ ಏನಾದರೊಂದು ಮಾಡಲು ತೋಚುತ್ತದೆ. ತಂಡದಲ್ಲಿ ಒಬ್ಬ ಹೊಡೆಯುವವ, ಒಬ್ಬ ಗಾಯ ಮಾಯಿಸುವವ, ಒಬ್ಬ ಬೀಗ ತೆಗೆಯುವವ, ಒಬ್ಬ ಮಂತ್ರ ಹಾಕುವವ ಎಂದು ಕೆಲಸ ಹಂಚಿಕೆಯಾಗಿರುವುದರಿಂದ ಯಾರೂ ಸುಮ್ಮನೆ ಕೂರಬೇಕಾಗಿಲ್ಲ. ನಾಲ್ಕೈದು ವಾರಕ್ಕೊಮ್ಮೆ ಹಂತ ಏರುತ್ತದೆ, ಹೊಸ ಶಕ್ತಿ ಸಿಗುತ್ತದೆ, ಬರಲು ಒಂದು ಕಾರಣ ಉಳಿಯುತ್ತದೆ. ಬಾಹ್ಯಾಕಾಶದ ಆಟದಲ್ಲಿ ‘ನೀವು ಬಂದರಿನಲ್ಲಿದ್ದೀರಿ, ಏನು ಮಾಡುತ್ತೀರಿ?’ ಎಂದು ಕೇಳಿದರೆ ಅನುಭವವಿಲ್ಲದ ಬಳಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತದೆ. ಅನೇಕ ಬಳಗಗಳು ಫ್ಯಾಂಟಸಿಯಿಂದ ಹೊರಡುವುದೂ, ಒಂದೆರಡು ವರ್ಷದಲ್ಲಿ ಮರಳಿ ಅಲ್ಲಿಗೇ ಬರುವುದೂ ಇದರಿಂದಲೇ.

ಈಗ ನಿರ್ಧಾರದ ಸ್ವರೂಪದ ಮಾತಿಗೆ ಬರೋಣ. ಮೊದಲ ‘ಡಿ ಅಂಡ್ ಡಿ’ಯಲ್ಲಿ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವದ ಅಂಕ ಸಿಗುತ್ತಿತ್ತು. ಆದ್ದರಿಂದ ಜಾಣರು ರಾಕ್ಷಸನನ್ನು ಕೊಲ್ಲುವುದಕ್ಕಿಂತ ಅವನು ಮಲಗಿರುವಾಗ ನಿಧಿ ಎತ್ತಿಕೊಂಡು ಬರುವುದನ್ನೇ ಲೇಸೆನ್ನುತ್ತಿದ್ದರು. 1984ರಲ್ಲಿ ‘ಡ್ರ್ಯಾಗನ್‌ಲ್ಯಾನ್ಸ್’ ಸರಣಿ ಬಂದ ಮೇಲೆ ಅದೇ ಆಟ, ಅದೇ ಫ್ಯಾಂಟಸಿ, ಮಹಾಕಥನದ ದಾರಿ ಹಿಡಿಯಿತು. ಲೋಕವನ್ನು ಉಳಿಸಲು ಹೊರಟವರು ನಾಣ್ಯ ಎಣಿಸುತ್ತ ಕೂರುವುದು ಶೋಭಿಸುವುದಿಲ್ಲ. ಒಂದೇ ಪ್ರಕಾರದೊಳಗೆ ನಡೆದ ಈ ಬದಲಾವಣೆ ನನ್ನ ದೃಷ್ಟಿಯಲ್ಲಿ ಖಡ್ಗದಿಂದ ಲೇಸರ್ ಬಂದೂಕಿಗೆ ಹೋದದ್ದಕ್ಕಿಂತ ದೊಡ್ಡದು.

‘ಟ್ರಾವೆಲರ್’ ಇನ್ನೂ ಬೇರೆ ಪ್ರಶ್ನೆ ಕೇಳಿತು. ಮಾರ್ಕ್ ಮಿಲ್ಲರ್ ರೂಪಿಸಿದ ಆ ಆಟದ ಮೂಲ ನಿಯಮದಲ್ಲಿ ಪಾತ್ರಗಳು ನೌಕಾಪಡೆಯಲ್ಲೋ ವಾಣಿಜ್ಯದಲ್ಲೋ ದುಡಿದು ನಿವೃತ್ತರಾದ ನಡುವಯಸ್ಸಿನವರು. ಆ ಸೇವಾವಧಿಯನ್ನು ದಾಳ ಹಾಕಿ ನಿರ್ಧರಿಸುವಾಗಲೇ, ಅಂದರೆ ಆಟ ಶುರುವಾಗುವ ಮೊದಲೇ, ಪಾತ್ರ ಸತ್ತುಹೋಗುವ ಸಂಭವವಿತ್ತು. ಬದುಕಿ ಬಂದವರ ಕೌಶಲ ಮುಂದೆ ಹೆಚ್ಚೇನೂ ಬೆಳೆಯುವುದಿಲ್ಲ, ಬದಲಿಗೆ ಅವರಿಗೆ ಸಾಲ ಇರುತ್ತದೆ. ನೌಕೆಯ ಬೆಲೆಯ 1/240 ಭಾಗವನ್ನು ತಿಂಗಳಿಗೊಮ್ಮೆ 480 ತಿಂಗಳು, ಎಂದರೆ 40 ವರ್ಷ ಕಟ್ಟಬೇಕು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಈ ನಿಯಮ ಓದಿ ನಗು ಬರಬಹುದು, ಆದರೆ ಆಟದ ಇಂಜಿನ್ನೇ ಅದು. ಕಂತಿನ ದಿನ ಹತ್ತಿರ ಬಂದಂತೆ ಕಳ್ಳಸಾಗಣೆಯ ಸರಕನ್ನೂ ಹೇರಿಕೊಳ್ಳೋಣವೇ ಎಂಬ ಚರ್ಚೆ ಮೇಜಿನ ಮೇಲೆ ತಾನಾಗಿ ಏಳುತ್ತದೆ. ಬಾಹ್ಯಾಕಾಶ ಬೇಕೆನ್ನುವ ನಿಮ್ಮ ಗೆಳತಿಗೆ ಬೇಕಾಗಿರುವುದು ನಕ್ಷತ್ರಗಳೋ, ಅಥವಾ ‘ಎಲ್ಲಿಗೆ ಹೋಗಬೇಕೆಂದು ನಾವೇ ತೀರ್ಮಾನಿಸುವ’ ಈ ಸ್ವಾತಂತ್ರ್ಯವೋ ಎಂದು ಕೇಳಿ ನೋಡಿ. ಎರಡನೆಯದಾದರೆ ಅದನ್ನು ಫ್ಯಾಂಟಸಿಯಲ್ಲಿಯೂ ಕೊಡಬಹುದು. ಆರು ವರ್ಷ ನಿಮ್ಮ ಕಥೆಯ ಹಳಿಯ ಮೇಲೆ ಓಡಿ ಆಕೆಗೆ ಸಾಕಾಗಿರುವ ಸಾಧ್ಯತೆಯೂ ಇದೆ.

ಹಾರರ್‌ನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಅಲ್ಲಿದೆ. 1981ರಲ್ಲಿ ಸ್ಯಾಂಡಿ ಪೀಟರ್‌ಸನ್ ಬರೆದು ಕೇಯಾಸಿಯಂ ಸಂಸ್ಥೆ ಪ್ರಕಟಿಸಿದ ‘ಕಾಲ್ ಆಫ್ ಕ್ಥುಲ್ಹು’ ಈ ಪ್ರಕಾರವನ್ನು ನೆಲೆಗೊಳಿಸಿತು. ಇದರಲ್ಲಿ ಆಟಗಾರರು 1920ರ ದಶಕದ ಪತ್ರಕರ್ತರು, ಪ್ರಾಧ್ಯಾಪಕರು, ವೈದ್ಯರು, ಒಟ್ಟಿನಲ್ಲಿ ಸಾಮಾನ್ಯ ಜನ. ಪ್ರತಿಯೊಬ್ಬರಿಗೂ ‘ಸ್ಯಾನಿಟಿ’ ಎಂಬ ಮನಸ್ಸಿನ ಸ್ವಾಸ್ಥ್ಯದ ಅಂಕವಿರುತ್ತದೆ, ಭಯಂಕರವಾದದ್ದನ್ನು ಕಂಡಾಗಲೆಲ್ಲ ಅದು ಕುಸಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ನಿಯಮ ಇನ್ನೊಂದಿದೆ: ಲವ್‌ಕ್ರಾಫ್ಟ್ ಕಥೆಗಳ ಗುಪ್ತ ದೈವಗಳ ಕುರಿತು ನಿಮ್ಮ ಪಾತ್ರದ ಜ್ಞಾನ ಎಷ್ಟು ಅಂಕ ಏರುತ್ತದೆಯೋ ಅಷ್ಟನ್ನು 99ರಿಂದ ಕಳೆದು ಉಳಿದದ್ದೇ ಸ್ವಾಸ್ಥ್ಯದ ಗರಿಷ್ಠ ಮಿತಿ. ರಹಸ್ಯ ಬಿಡಿಸಲು ಓದಬೇಕು, ಓದಿದಷ್ಟೂ ಮನಸ್ಸು ಹಾಳಾಗಬೇಕು. ‘ಡಿ ಅಂಡ್ ಡಿ’ಯಲ್ಲಿ ಅನುಭವ ಪಾತ್ರವನ್ನು ಬಲಪಡಿಸಿದರೆ ಇಲ್ಲಿ ಅನುಭವವೇ ಪಾತ್ರವನ್ನು ತಿನ್ನುತ್ತದೆ. ಹಾರರ್ ಎಂಬುದು ಕತ್ತಲೆ, ಮಳೆ, ಕಿರ್ ಎನ್ನುವ ಬಾಗಿಲುಗಳ ವರ್ಣನೆಯಿಂದ ಬರುತ್ತದೆಂದು ತಿಳಿದ ಜಿಎಂಗಳಿಗೆ ಈ ಒಂದು ನಿಯಮ ಸಾಕಷ್ಟು ಪಾಠ ಹೇಳುತ್ತದೆ.

ಇನ್ನು ನಿಮ್ಮ ಐದನೇ ಆವೃತ್ತಿಯ ಲೆಕ್ಕ ನೋಡಿ. ಕಾನ್‌ಸ್ಟಿಟ್ಯೂಷನ್ ಎಂಬ ದೇಹದಾರ್ಢ್ಯದ ಅಂಕ 14 ಇರುವ ಐದನೇ ಹಂತದ ಫೈಟರ್‌ಗೆ ಮೊದಲ ಹಂತಕ್ಕೆ 12, ಮುಂದಿನ ನಾಲ್ಕಕ್ಕೆ ತಲಾ 8 ಸೇರಿ 44 ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಅಂಕ. ಚೂರಿಗೆ ನಾಲ್ಕು ಮುಖದ ದಾಳ, ಇರಿಯುವವನ ತೋಳ್ಬಲ ಬಿಟ್ಟರೆ ಸರಾಸರಿ ಎರಡೂವರೆ. ಹದಿನೇಳು ಇರಿತ ತಿಂದೂ ನಿಂತಿರಬಲ್ಲವನಿಗೆ, ಒಂದು ರಾತ್ರಿ ಮಲಗಿ ಎದ್ದರೆ ಎಲ್ಲವೂ ವಾಸಿಯಾಗುವವನಿಗೆ, ಕತ್ತಲೆ ಕೋಣೆಯಲ್ಲಿ ಚೂರಿ ಹಿಡಿದು ನಿಂತ ಆಕೃತಿಯ ಭಯ ಹೇಗೆ ಹುಟ್ಟಬೇಕು? ‘ಕಾಲ್ ಆಫ್ ಕ್ಥುಲ್ಹು’ವಿನ ಏಳನೇ ಆವೃತ್ತಿಯಲ್ಲಿ ಸಾಮಾನ್ಯ ಪಾತ್ರಕ್ಕೆ ಹನ್ನೊಂದರ ಆಸುಪಾಸು ಹಿಟ್ ಪಾಯಿಂಟ್, ಸಾಧಾರಣ ಪಿಸ್ತೂಲಿನ ಒಂದು ಗುಂಡಿಗೆ ಹತ್ತು ಮುಖದ ದಾಳ. ಅಲ್ಲಿ ಬಂದೂಕು ಕಂಡೊಡನೆ ಆಟಗಾರರ ದನಿ ತಗ್ಗುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಯತ್ನಗಳು ನಡೆಯದೆ ಇಲ್ಲ. 2000ದಲ್ಲಿ ಮೂರನೇ ಆವೃತ್ತಿ ಬಂದು, ಇಪ್ಪತ್ತು ಮುಖದ ದಾಳದ ಅದರ ಡಿ20 ನಿಯಮಗಳನ್ನು ಯಾರು ಬೇಕಾದರೂ ಬಳಸಲು ಮುಕ್ತ ಪರವಾನಗಿ ದೊರೆತಾಗ, ಎಲ್ಲ ಪ್ರಕಾರಗಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಉತ್ಸಾಹ ಎಲ್ಲೆಡೆ ಕಾಣಿಸಿತು. ‘ಡಿ ಅಂಡ್ ಡಿ’ಯ ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2002ರಲ್ಲಿ ‘ಕಾಲ್ ಆಫ್ ಕ್ಥುಲ್ಹು’ವನ್ನೇ ಡಿ20 ರೂಪದಲ್ಲಿ ಹೊರತಂದಿತು. ಪುಸ್ತಕವಾಗಿ ಅದು ಚೆನ್ನಾಗಿತ್ತೆಂದು ಈಗಲೂ ಹೇಳುವವರಿದ್ದಾರೆ, ಅದು ಅಂದವಾಗಿತ್ತೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಉಳಿದು ಬೆಳೆದದ್ದು ಕೇಯಾಸಿಯಂನ ಹಳೆಯ ಶೇಕಡಾವಾರು ನಿಯಮವೇ. ಇದಕ್ಕೆ ಎದುರು ಸಾಕ್ಷಿಯೂ ಇದೆ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ 1983ರಲ್ಲಿ ಬರೆದ ‘ರೇವನ್‌ಲಾಫ್ಟ್’ ರಕ್ತಪಿಪಾಸು ಪ್ರಭುವಿನ ಕೋಟೆಯ ಕಥೆ, ಅಪ್ಪಟ ‘ಡಿ ಅಂಡ್ ಡಿ’ ನಿಯಮಗಳಲ್ಲಿ ಆಡುವಂಥದ್ದು, ಇಂದಿಗೂ ಆ ಆಟದ ಅತ್ಯಂತ ಪ್ರಿಯ ಸಾಹಸಗಳಲ್ಲಿ ಒಂದು. 2016ರಲ್ಲಿ ಐದನೇ ಆವೃತ್ತಿಗೂ ಅದರ ವಿಸ್ತೃತ ರೂಪ ಬಂತು. ಅದು ಕೆಲಸ ಮಾಡುವುದೇಕೆಂದರೆ ಆ ಪ್ರಭುವನ್ನು ಕೊನೆಗೆ ಎದುರಿಸಿ ಗೆಲ್ಲಬಹುದು, ವೀರರು ವೀರರಾಗಿಯೇ ಉಳಿಯುತ್ತಾರೆ, ಕೋಟೆ ಮಾತ್ರ ಭಯ ಹುಟ್ಟಿಸುತ್ತದೆ. ಆದ್ದರಿಂದ ನಿಮ್ಮ ಇಬ್ಬರು ಗೆಳೆಯರಿಗೆ ಬೇಕಾದದ್ದು ಭೂತಬಂಗಲೆಯ ಸಾಹಸವಾದರೆ ಈಗಿರುವ ನಿಯಮಗಳಲ್ಲೇ ಆಡಿಸಿ, ಯಾವ ಪುಸ್ತಕವನ್ನೂ ಕೊಳ್ಳಬೇಡಿ. ಅವರಿಗೆ ಬೇಕಾದದ್ದು ಅಸಹಾಯಕತೆಯಾದರೆ, ಗೆಲ್ಲಲಾಗದ ಎದುರಾಳಿಯ ಮುಂದೆ ಏನು ಉಳಿಸಿಕೊಳ್ಳುತ್ತೇವೆ ಎಂಬ ತಲ್ಲಣವಾದರೆ, ಐದನೇ ಆವೃತ್ತಿಯನ್ನು ತಿದ್ದುತ್ತ ಕೂರುವುದಕ್ಕಿಂತ ಬೇರೆ ಆಟ ಕಲಿಯುವುದೇ ಕಡಿಮೆ ಶ್ರಮದ ಕೆಲಸ. ಹಿಟ್ ಪಾಯಿಂಟ್ ಅರ್ಧ ಮಾಡಿ, ಮಂತ್ರಗಳನ್ನು ಕಿತ್ತುಹಾಕಿ, ವಿಶ್ರಾಂತಿಯ ನಿಯಮ ಬಿಗಿ ಮಾಡಿ ಮುಗಿಸುವ ಹೊತ್ತಿಗೆ ಆಟಗಾರರಿಗೆ ತಮ್ಮ ಹಳೆಯ ಪಾತ್ರವನ್ನು ಯಾರೋ ದೋಚಿದ ಹಾಗೆ ಅನಿಸಿರುತ್ತದೆ.

ಪ್ರಕಾರ ಬದಲಾದಾಗ ಮೇಜಿನ ಸುತ್ತಲಿನ ಜನರೂ ಬದಲಾಗಬಹುದು ಎಂಬುದನ್ನು 1991ರ ‘ವ್ಯಾಂಪೈರ್: ದ ಮಾಸ್ಕರೇಡ್’ ತೋರಿಸಿತು. ಮಾರ್ಕ್ ರೈನ್-ಹೇಗನ್ ರೂಪಿಸಿದ ಆ ಆಟದಲ್ಲಿ ಆಟಗಾರರೇ ರಕ್ತಪಿಪಾಸುಗಳು. ಯಾರನ್ನು ಹೊಡೆಯೋಣ ಎಂಬುದು ಹಿಂದೆ ಸರಿದು, ನನ್ನೊಳಗೆ ಎಷ್ಟು ಮನುಷ್ಯತ್ವ ಉಳಿದಿದೆ, ಈ ನಗರದ ರಾಜಕಾರಣದಲ್ಲಿ ಯಾರ ಬೆನ್ನಿಗೆ ನಿಲ್ಲಲಿ ಎಂಬುದು ಮುಂದೆ ಬಂತು. ಅಲ್ಲಿಯವರೆಗೆ ಯುದ್ಧದಾಟದ ವಾಸನೆಯಿದ್ದ ಈ ಹವ್ಯಾಸದ ಹತ್ತಿರ ಸುಳಿಯದಿದ್ದವರು, ವಿಶೇಷವಾಗಿ ಮಹಿಳೆಯರು, ಗಾತ್ ಸಂಗೀತದ ಅಭಿಮಾನಿಗಳು, ನಾಟಕದ ಆಸಕ್ತರು ದೊಡ್ಡ ಸಂಖ್ಯೆಯಲ್ಲಿ ಒಳಬಂದರು. 1993ರ ಹೊತ್ತಿಗೆ ಅದರ ಎದ್ದು ನಿಂತು ಅಭಿನಯಿಸುವ ರೂಪವೂ ಪ್ರಕಟವಾಯಿತು. ಜಪಾನಿನ ಕಥೆ ಇನ್ನೊಂದು ಬಗೆಯದು. 1986ರಲ್ಲಿ ಅಲ್ಲಿನ ಪತ್ರಿಕೆಯೊಂದು ‘ಡಿ ಅಂಡ್ ಡಿ’ ಆಟದ ಮಾತುಕತೆಯನ್ನು ‘ರೀಪ್ಲೇ’ ಎಂಬ ಹೆಸರಿನಲ್ಲಿ ನಾಟಕದಂತೆ ಅಚ್ಚು ಹಾಕತೊಡಗಿತು, ಅದರಿಂದ ‘ಲೋಡಾಸ್’ ಕಾದಂಬರಿಗಳು ಹುಟ್ಟಿದವು, ಆ ಬಳಗವೇ 1989ರಲ್ಲಿ ಆರು ಮುಖದ ಸಾಮಾನ್ಯ ದಾಳಗಳಿಂದಲೇ ಆಡುವ ‘ಸೋರ್ಡ್ ವರ್ಲ್ಡ್’ ತಂದಿತು. ಅಂಥ ಫ್ಯಾಂಟಸಿಯ ನೆಲದಲ್ಲಿ ಇಂದು ‘ಡಿ ಅಂಡ್ ಡಿ’ಗಿಂತ ಹೆಚ್ಚು ಆಡುವುದು ‘ಕಾಲ್ ಆಫ್ ಕ್ಥುಲ್ಹು’ವನ್ನು. ಒಂದೇ ಸಂಜೆಯಲ್ಲಿ ಮುಗಿಯುವ ತನಿಖೆ, ಕೆಲಸ ಮಾಡುವವರ ಬಿಡುವಿಗೆ ಹೊಂದುತ್ತದೆ ಎಂಬುದು ನನ್ನ ಊಹೆ.

ಕಪಾಟಿನಲ್ಲಿ ದೂಳು ಹಿಡಿದ ಕಾದಂಬರಿಗಳ ವಿಷಯ ಬೇರೆಯೇ. ಓದುಗ, ಅಭಿಮಾನಿ ಬಳಗಗಳಲ್ಲಿ ಆಸಕ್ತಿ ಹೊರಳುವುದಕ್ಕೆ ಮೇಜಿನ ಆಟಕ್ಕಿಂತ ಹಳೆಯ ಚರಿತ್ರೆಯಿದೆ, ಮತ್ತು ಅದು ಯಾವಾಗಲೂ ಸ್ವಲ್ಪ ಜಗಳದೊಂದಿಗೇ ನಡೆದಿದೆ. ಲಾಸ್ ಏಂಜಲೀಸ್‌ನ ವೈಜ್ಞಾನಿಕ ಕಥಾಭಿಮಾನಿಗಳು ತಾವೇ ಬರೆದು, ಪ್ರತಿ ತೆಗೆದು, ಒಟ್ಟುಗೂಡಿಸಿ ಹಂಚಿಕೊಳ್ಳುತ್ತಿದ್ದ ಒಂದು ಪತ್ರಿಕೆ 1970ರ ದಶಕದ ನಡುವೆ ‘ಡಿ ಅಂಡ್ ಡಿ’ ಮಾತಿನಿಂದಲೇ ತುಂಬಿಹೋಗತೊಡಗಿತು. ಹಿರಿಯ ಅಭಿಮಾನಿ ಬ್ರೂಸ್ ಪೆಲ್ಝ್ ಇದು ಅತಿಯಾಯಿತು ಎಂದರು, ಲೀ ಗೋಲ್ಡ್ 1975ರಲ್ಲಿ ಆಟದ ಮಾತಿಗೇ ಮೀಸಲಾದ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಆರಂಭಿಸಿದರು. ಇಬ್ಬರೂ ಅದೇ ಊರಿನ, ಅದೇ ಬಳಗದ ಜನ. ಪಂಗಡ ಒಡೆಯಲಿಲ್ಲ, ಇನ್ನೊಂದು ಕೋಣೆ ಕಟ್ಟಿಕೊಂಡರು. ‘ಸ್ಟಾರ್ ಟ್ರೆಕ್’ ಅಭಿಮಾನಿಗಳ ಮೊದಲ ಪತ್ರಿಕೆ ‘ಸ್ಪಾಕೇನಲಿಯಾ’ 1967ರಲ್ಲಿ ಬಂದಾಗ ಪುಸ್ತಕ ಓದುವ ಹಳಬರಲ್ಲಿ ಟಿವಿ ನೋಡುವವರ ಬಗ್ಗೆ ತಾತ್ಸಾರವಿತ್ತು. ಹತ್ತು ವರ್ಷದ ನಂತರ ‘ಸ್ಟಾರ್ ವಾರ್ಸ್’ ಬಂದಾಗ ಅದೇ ತಾತ್ಸಾರವನ್ನು ‘ಟ್ರೆಕ್’ನವರು ಹೊಸಬರಿಗೆ ತೋರಿಸಿದರು.

ಅಭಿಮಾನಿ ಬರಹಗಾರರು ಕಂಡುಕೊಂಡ ಒಂದು ಉಪಾಯ ಮೇಜಿನ ಆಟದವರಿಗೆ ಅಷ್ಟಾಗಿ ಹೊಳೆಯಲಿಲ್ಲ. ಅವರು ‘ಆಲ್ಟರ್ನೇಟ್ ಯೂನಿವರ್ಸ್’ ಎಂದು ಕರೆಯುವ ಕಥೆಗಳಲ್ಲಿ ಯುದ್ಧದ ಲೋಕದ ನಾಯಕ ನಾಯಕಿಯರನ್ನು ಎತ್ತಿ ಕಾಫಿ ಅಂಗಡಿಯ ಗಲ್ಲಾದಲ್ಲಿ ಕೂರಿಸುತ್ತಾರೆ. ಪ್ರಕಾರ ಪೂರ್ತಿ ಬದಲಾದರೂ ಆ ಪಾತ್ರಗಳ ಸ್ವಭಾವ, ನಡುವಿನ ಸಲಿಗೆ, ಮುನಿಸು ಹಾಗೇ ಉಳಿಯುತ್ತದೆ. 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡು 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯನ್ನೂ ಪಡೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಭಿಮಾನಿ ಕಥೆಗಳ ಜಾಲತಾಣ ಭಂಡಾರದಲ್ಲಿ ಇಂಥ ಕಥೆಗಳು ರಾಶಿ ರಾಶಿ ಇವೆ. ಅಲ್ಲಿ ಪಾತ್ರ ನಿಂತು ಪ್ರಕಾರ ಚಲಿಸುತ್ತದೆ, ನಮ್ಮಲ್ಲಿ ಮೇಜು ನಿಂತು ಪಾತ್ರ, ಪ್ರಕಾರಗಳೆರಡೂ ಚಲಿಸುತ್ತವೆ. ನಿಮ್ಮ ‘ಏನೂ ಬದಲಾಗಬಾರದು’ ಎನ್ನುವ ಗೆಳೆಯನಿಗೆ ಫ್ಯಾಂಟಸಿಯ ಮೇಲಿನ ಮೋಹಕ್ಕಿಂತ ತನ್ನ ಆರು ವರ್ಷದ ಪಾತ್ರವನ್ನು ಕಳೆದುಕೊಳ್ಳುವ ದುಗುಡವೇ ದೊಡ್ಡದಿರಬಹುದು. ಹೊಸ ಆಟದಲ್ಲಿ ಅದೇ ಹೆಸರಿನ, ಅದೇ ಚಾಳಿಯ ಮನುಷ್ಯನನ್ನು ಹಡಗಿನ ಮೆಕ್ಯಾನಿಕ್ ಆಗಿಯೋ ಪೊಲೀಸ್ ಪೇದೆಯಾಗಿಯೋ ತರುವ ಅವಕಾಶ ಕೊಟ್ಟು ನೋಡಿ.

ಹಳೆಯ ಅಭಿಮಾನಿಗಳ ಬಳಿ ‘ಗಾಫಿಯಾ’ ಎಂಬ ಒಂದು ಪದವಿದೆ. ‘ಎಲ್ಲದರಿಂದ ದೂರ ಹೋಗುವುದು’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದದ್ದು. ಮೊದಲು ಅದರ ಅರ್ಥ ಲೋಕದ ಜಂಜಾಟದಿಂದ ತಪ್ಪಿಸಿಕೊಂಡು ಅಭಿಮಾನಿ ಬಳಗದೊಳಕ್ಕೆ ಬರುವುದು ಎಂದಿತ್ತು. ಕಾಲಕ್ರಮದಲ್ಲಿ ಅದೇ ಪದ ಬಳಗದಿಂದ ತಪ್ಪಿಸಿಕೊಂಡು ಹೊರಹೋಗುವುದಕ್ಕೆ ಬಳಕೆಯಾಯಿತು. ನಿಮ್ಮ ಸ್ಥಿತಿಯನ್ನು ಓದಿದಾಗ ನನಗೆ ಈ ಪದವೇ ನೆನಪಾಯಿತು. ಆರು ವರ್ಷಗಳ ಶನಿವಾರಗಳೆಂದರೆ, ಹಬ್ಬ ಮದುವೆ ಕಳೆದರೂ, ಇನ್ನೂರೈವತ್ತಕ್ಕೆ ಕಡಿಮೆಯಿಲ್ಲ. ಅಷ್ಟಕ್ಕೂ ನೀವೊಬ್ಬರೇ ನಕ್ಷೆ ಬರೆದಿದ್ದೀರಿ, ಎದುರಾಳಿಗಳ ಅಂಕ ಹೊಂದಿಸಿದ್ದೀರಿ, ಬಾರದವರಿಗೆ ಫೋನ್ ಮಾಡಿದ್ದೀರಿ. ಫ್ಯಾಂಟಸಿ ಕಾದಂಬರಿ ಹಿಡಿದಾಗಲೆಲ್ಲ ‘ಇದನ್ನು ಮುಂದಿನ ವಾರ ಬಳಸಬಹುದೇ’ ಎಂದು ಮನಸ್ಸು ಲೆಕ್ಕ ಹಾಕತೊಡಗಿದರೆ ಓದು ಕೆಲಸವಾಗುತ್ತದೆ. ಬೇಸರ ಬಂದಿರುವುದು ಡಿಎಂ ಕುರ್ಚಿಯ ಮೇಲೆ ಎಂಬುದು ನನ್ನ ಅನುಮಾನ. ಹಾಗಿದ್ದರೆ ಹಾರರ್‌ಗೆ ಹೋದರೂ ಮೂರು ತಿಂಗಳಲ್ಲಿ ಅದೇ ಬೇಸರ ನಿಮ್ಮನ್ನು ಅಲ್ಲಿಯೂ ಹುಡುಕಿಕೊಂಡು ಬರುತ್ತದೆ. ಹಾರರ್ ಬೇಕೆಂದವರಲ್ಲೇ ಒಬ್ಬರು ಮೊದಲ ಆಟ ನಡೆಸಲಿ, ನೀವು ಒಂದೇ ಒಂದು ಪಾತ್ರ ಹಿಡಿದು ಎದುರಿಗೆ ಕುಳಿತುಕೊಳ್ಳಿ.

ನಾನು ಈ ತಪ್ಪು ಮಾಡಿದ್ದೇನೆ. ವರ್ಷಗಳ ಹಿಂದೆ ನನ್ನ ಬಳಗಕ್ಕೆ ಬೇಸರವಾಗಿದೆಯೆಂದು ನಾನೇ ತೀರ್ಮಾನಿಸಿ, ಯಾರನ್ನೂ ಸರಿಯಾಗಿ ಕೇಳದೆ, ತಿಂಗಳುಗಟ್ಟಲೆ ಕುಳಿತು ಗ್ರಹಮಂಡಲಗಳ ನಕ್ಷೆ ಬರೆದು ಬಾಹ್ಯಾಕಾಶದ ಕ್ಯಾಂಪೇನ್ ಆರಂಭಿಸಿದೆ. ನಾಲ್ಕನೇ ವಾರಕ್ಕೆ ಅದು ನಿಂತಿತು. ಅವರಿಗೆ ಬೇಕಾಗಿದ್ದದ್ದು ಹೊಸ ಲೋಕವಲ್ಲ, ಹೋರಾಟ ಬೇಗ ಮುಗಿಯುವ ನಿಯಮ ಎಂದು ಆಮೇಲೆ ಚಹಾ ಕುಡಿಯುವಾಗ ತಿಳಿಯಿತು.

ನಿಮ್ಮ ಬಳಗದಲ್ಲಿ ಇಬ್ಬರಿಗೆ ಹಾರರ್, ಒಬ್ಬರಿಗೆ ಬಾಹ್ಯಾಕಾಶ ಬೇಕಾಗಿರುವುದು ಒಂದು ರೀತಿಯಲ್ಲಿ ಅದೃಷ್ಟ. ಎರಡೂ ಕೂಡಿದ ಆಟಗಳು ಈಗ ಚೆನ್ನಾಗಿವೆ. 2018ರಲ್ಲಿ ಬಂದ ‘ಮದರ್‌ಶಿಪ್’ನಲ್ಲಿ ಪ್ರತಿ ಸೋಲಿಗೂ ಪಾತ್ರದ ಒತ್ತಡದ ಅಂಕ ಏರುತ್ತ ಹೋಗಿ, ತಕ್ಕ ಗಳಿಗೆಯಲ್ಲಿ ಗಾಬರಿಯಾಗಿ ಸಿಡಿಯುತ್ತದೆ. ಪಾತ್ರ ಸಿದ್ಧಪಡಿಸಲು ಕಾಲು ಗಂಟೆ ಸಾಕು. 2019ರ ‘ಏಲಿಯನ್’ ಆಟದಲ್ಲಿ ಒತ್ತಡ ಹೆಚ್ಚಿದಷ್ಟೂ ಹೆಚ್ಚು ದಾಳ ಸಿಗುತ್ತವೆ, ಗೆಲುವಿನ ಸಾಧ್ಯತೆಯೂ ಏರುತ್ತದೆ, ಆದರೆ ಆ ಹೆಚ್ಚುವರಿ ದಾಳದಲ್ಲಿ ಒಂದರ ಅಂಕ ಬಿದ್ದರೆ ಪಾತ್ರ ಹತೋಟಿ ತಪ್ಪಬಹುದು. ಹೆದರಿದವನಿಗೆ ಚುರುಕು ಬರುವುದನ್ನೂ ಕೈ ನಡುಗುವುದನ್ನೂ ಒಂದೇ ನಿಯಮದಲ್ಲಿ ಹಿಡಿದಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ನಿಯಮ ಓದುವ ತಾಳ್ಮೆಯೇ ಇಲ್ಲದಿದ್ದರೆ ‘ಡ್ರೆಡ್’ ಇದೆ. ಅದಕ್ಕೆ ದಾಳವೇ ಬೇಡ, ಮರದ ತುಂಡುಗಳ ಜೆಂಗಾ ಗೋಪುರ ಸಾಕು. ಅಪಾಯದ ಕೆಲಸಕ್ಕೆ ಒಂದು ತುಂಡು ಎಳೆಯಬೇಕು, ಗೋಪುರ ಉರುಳಿಸಿದವರ ಪಾತ್ರ ಕಥೆಯಿಂದ ಹೊರಹೋಗುತ್ತದೆ. ಯಾವುದನ್ನೇ ಆರಿಸಿಕೊಂಡರೂ ಮೊದಲು ಒಂದೇ ಸಂಜೆಗೆ ಮುಗಿಯುವ ಒನ್‌ಶಾಟ್ ಆಡಿ, ರುಚಿಸಿದರೆ ಮೂರು ವಾರದ ಕಥೆ ಮಾಡಿ. ಹೊಸ ಪ್ರಕಾರದಲ್ಲಿ ಮೊದಲ ದಿನವೇ ಎರಡು ವರ್ಷದ ಕ್ಯಾಂಪೇನ್ ಘೋಷಿಸುವವರನ್ನು ಕಂಡರೆ ನನಗೆ ಕನಿಕರ. ತನಿಖೆಯ ಕಥೆಯಾದರೆ ಇನ್ನೊಂದು ಎಚ್ಚರ: ಮುಂದಿನ ಹೆಜ್ಜೆಗೆ ಬೇಕೇಬೇಕಾದ ಸುಳಿವನ್ನು ದಾಳದ ಹಿಂದೆ ಬಚ್ಚಿಡಬೇಡಿ. ಹುಡುಕಿದವರಿಗೆ ಸುಳಿವು ಸಿಕ್ಕೇ ಸಿಗಬೇಕು ಎಂಬ ತತ್ವದ ಮೇಲೆಯೇ 2008ರ ‘ಟ್ರೇಲ್ ಆಫ್ ಕ್ಥುಲ್ಹು’ ನಿಂತಿದೆ, ಹಳೆಯ ಆಟದವರೂ ಅದರಿಂದ ಕಲಿತಿದ್ದಾರೆ.

ಡ್ರ್ಯಾಗನ್ ಯಾರ ಮನೆಯಲ್ಲೂ ಸತ್ತಿಲ್ಲ, ಆದರೆ ಹಾರರ್ ಮುಟ್ಟುವ ವಿಷಯಗಳು ಯಾರದೋ ಮನೆಯಲ್ಲಿ ನಡೆದಿರಬಹುದು. ಆಸ್ಪತ್ರೆ, ಮಗುವಿನ ಸಾವು, ಬೆಂಕಿ, ಮಾನಸಿಕ ಕಾಯಿಲೆ ಇವೆಲ್ಲ ಮೇಜಿನ ಮೇಲೆ ಬರುವ ಮೊದಲು ಮಾತು ಆಗಿರಲಿ. ಯಾವುದು ಬರಲೇಬಾರದು, ಯಾವುದು ಬಂದರೂ ವರ್ಣನೆಯಿಲ್ಲದೆ ದಾಟಿಹೋಗಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳುವ ಪದ್ಧತಿಯನ್ನು ಆಟದವರು ‘ಲೈನ್ಸ್ ಅಂಡ್ ವೇಲ್ಸ್’ ಎನ್ನುತ್ತಾರೆ. ನಡುವೆ ಯಾರಿಗಾದರೂ ಕಷ್ಟವಾದರೆ ಕಾರಣ ಹೇಳದೆಯೇ ಮುಟ್ಟಿ ದೃಶ್ಯ ನಿಲ್ಲಿಸಬಹುದಾದ ‘ಎಕ್ಸ್ ಕಾರ್ಡ್’ 2013ರಿಂದ ಬಳಕೆಯಲ್ಲಿದೆ. ಆರು ವರ್ಷದ ಗೆಳೆತನವಿದೆ, ನಮಗೆ ಇದೆಲ್ಲ ಬೇಡ ಎನ್ನಬೇಡಿ. ಹಳೆಯ ಗೆಳೆಯರೇ ಸಂಕೋಚಕ್ಕೆ ಬಾಯಿ ಬಿಡದೆ ಕೂರುವುದು ಹೆಚ್ಚು.

ಭಾಷೆಯ ವಿಷಯದಲ್ಲಿ ಒಂದು ಅನುಭವ ಹೇಳುತ್ತೇನೆ. ನಮ್ಮ ಬಳಗಗಳಲ್ಲಿ ಫ್ಯಾಂಟಸಿ ಆಡುವಾಗ ನಿಯಮವೂ ಇಂಗ್ಲಿಷ್, ಮಾತೂ ಬಹುಪಾಲು ಇಂಗ್ಲಿಷ್, ಜಗಳ ಮಾತ್ರ ಕನ್ನಡ. ಹಾರರ್‌ಗೆ ಬಂದಾಗ ಕನ್ನಡಕ್ಕೆ ತಿರುಗಿದ ಬಳಗಗಳಲ್ಲಿ ಭಯ ಹತ್ತಿರವಾದದ್ದನ್ನು ಕಂಡಿದ್ದೇನೆ. ‘ಕಾಲ್ ಆಫ್ ಕ್ಥುಲ್ಹು’ವಿನ 1920ರ ದಶಕವನ್ನು ನ್ಯೂ ಇಂಗ್ಲೆಂಡಿನಲ್ಲೇ ಇಡಬೇಕೆಂದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನ, ಅದರಲ್ಲಿಯೂ ಕೋಲಾರದ ಚಿನ್ನದ ಗಣಿ ನಿಮ್ಮಿಂದ ಎರಡು ಮೂರು ಗಂಟೆಯ ದಾರಿಯಲ್ಲಿದೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಊರು, ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳು ಒಂದೆಡೆ, ಕೂಲಿಗಳ ಲೈನುಗಳು ಇನ್ನೊಂದೆಡೆ, ನಡುವೆ ನೆಲದೊಳಕ್ಕೆ ಇಳಿಯುತ್ತಲೇ ಹೋಗುವ ಸುರಂಗಗಳು. ಆಳದ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವ ‘ರಾಕ್‌ಬರ್ಸ್ಟ್’ ಆ ಗಣಿಗಳ ನಿಜವಾದ ಶಾಪವಾಗಿತ್ತು. ಮೇಲಿನ ಮನೆಗಳ ಪಾತ್ರೆ ಅಲುಗಾಡಿದಾಗ ಅದು ಬರೀ ಬಂಡೆಯೇ ಎಂದು ಕೇಳುವ ಪಾತ್ರವೊಂದು ಸಾಕು, ಕಥೆ ಶುರುವಾಯಿತು. ಅಲ್ಲಿ ದುಡಿದು ಸತ್ತವರ ಮೊಮ್ಮಕ್ಕಳು ಇನ್ನೂ ಆ ಊರಿನಲ್ಲಿದ್ದಾರೆ ಎಂಬುದು ಮಾತ್ರ ನೆನಪಿರಲಿ.

ಕೊನೆಗೆ ನಿಮ್ಮ ಕ್ಯಾಂಪೇನ್. ‘ಸದ್ಯಕ್ಕೆ ನಿಲ್ಲಿಸೋಣ, ಆಮೇಲೆ ನೋಡೋಣ’ ಎಂದು ಬಿಟ್ಟ ಕ್ಯಾಂಪೇನ್ ಮತ್ತೆ ಎದ್ದದ್ದನ್ನು ನಾನು ಕಂಡದ್ದು ತೀರ ಕಡಿಮೆ, ಮತ್ತು ಅಂಥ ಅರ್ಧಕಥೆ ಹೊಸ ಆಟದ ಪ್ರತಿ ಸಂಜೆಯೂ ಮೂಲೆಯಲ್ಲಿ ಕುಳಿತು ಕೆಮ್ಮುತ್ತದೆ. ನಾಲ್ಕು ವಾರ ಇಟ್ಟುಕೊಳ್ಳಿ. ಬಿಡಿಸಬೇಕಾದ ಗಂಟುಗಳಲ್ಲಿ ಮುಖ್ಯವಾದ ಒಂದನ್ನು ಆರಿಸಿ, ಉಳಿದವನ್ನು ಧೈರ್ಯವಾಗಿ ಬಿಟ್ಟು, ನೇರ ಕೊನೆಯ ಎದುರಾಳಿಯ ಬಾಗಿಲಿಗೆ ಕಥೆಯನ್ನು ತಂದು ನಿಲ್ಲಿಸಿ. ನೀವು ಎರಡು ವರ್ಷ ಬಚ್ಚಿಟ್ಟಿದ್ದ ರಹಸ್ಯಗಳಿದ್ದರೆ ಈಗಲೇ ಖರ್ಚು ಮಾಡಿ, ಅವಕ್ಕೆ ಬಡ್ಡಿ ಬೆಳೆಯುವುದಿಲ್ಲ. ನಾಲ್ಕನೇ ಶನಿವಾರ ದಾಳ ಬದಿಗಿಟ್ಟು ಪ್ರತಿಯೊಬ್ಬರೂ ತಮ್ಮ ಪಾತ್ರ ಮುಂದೇನಾಯಿತು ಎಂದು ಹೇಳಲಿ: ಯಾರು ಊರಿಗೆ ಮರಳಿದರು, ಯಾರು ಸಿಂಹಾಸನ ಬೇಡವೆಂದರು, ಯಾರು ಹೋಟೆಲಿಟ್ಟರು. ಪಾತ್ರದ ಹಾಳೆಗಳನ್ನು ಒಂದೇ ಕವರಿನಲ್ಲಿ ಹಾಕಿ, ಏನೂ ಬದಲಾಗಬಾರದು ಎಂದ ಗೆಳೆಯನ ಕೈಗೆ ಕೊಡಿ. ಮುಂದೊಂದು ದಿನ ಫ್ಯಾಂಟಸಿಗೆ ಮರಳುವ ಮನಸ್ಸಾದರೆ ಅದನ್ನು ತೆರೆದು ಆಟ ನಡೆಸುವ ಸರದಿ ಅವನದಾಗಲಿ.